ಓದುಗರ ಪ್ರಶ್ನೆ: ಕೇಳಿಸದ ಸದ್ದಿನಿಂದ ನುಣ್ಣನೆಯ ಪುಡಿ

ಪ್ರಶ್ನೆ: ಬಣ್ಣದ ತಯಾರಕರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಒದಗಿಸುವ ಸಣ್ಣ ಘಟಕವೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ದ್ರಾವಣಗಳನ್ನು 250 ಮಿಲಿಲೀಟರ್ ಬೀಕರಿನಲ್ಲಿ ಬೆರೆಸುವಾಗ 20 ಕಿಲೋಹರ್ಟ್ಸ್‌ನ ಅಲ್ಟ್ರಾಸೌಂಡ್ ಪ್ರೋಬ್ (ಕಿವಿಗೆ ಕೇಳಿಸದ ಸದ್ದನ್ನು ದ್ರವದೊಳಗೆ ಹೊಮ್ಮಿಸುವ ಲೋಹದ ಕಡ್ಡಿ) ಇಳಿಸಿದರೆ ಬಹಳ ನುಣ್ಣನೆಯ ಪುಡಿ ಸಿಗುತ್ತದೆ. ಅದೇ ಪ್ರೋಬನ್ನು 200 ಲೀಟರಿನ ರಿಯಾಕ್ಟರಿನೊಳಗೆ ಇಟ್ಟು ಗಂಟೆಗಟ್ಟಲೆ ನಡೆಸಿದರೂ ಪುಡಿ ತರಿತರಿಯಾಗಿಯೇ ಬಂತು. ಮೇಲಾಗಿ ಬಿಳುಪಿನಲ್ಲಿ ಬೂದು ಛಾಯೆ ಕಾಣಿಸಿತು. ತಪ್ಪಿದ್ದೆಲ್ಲಿ?
– ಓದುಗರೊಬ್ಬರು

ಉತ್ತರ: ನಿಮ್ಮ ದ್ರಾವಣಗಳ ಲೆಕ್ಕ ಸರಿಯಾಗಿದೆ, ಪ್ರೋಬ್ ಇಟ್ಟ ಜಾಗ ಸರಿಯಿಲ್ಲ.

ಸದ್ದೇ ಹರಳನ್ನು ಅರೆಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ 20 ಕಿಲೋಹರ್ಟ್ಸ್ ಸದ್ದಿನ ಅಲೆಯುದ್ದ ನೀರಿನಲ್ಲಿ 7 ಸೆಂಟಿಮೀಟರಿಗಿಂತ ತುಸು ಹೆಚ್ಚಿರುವುದರಿಂದ, ಅದು ಮೈಕ್ರೊಮೀಟರ್ ಗಾತ್ರದ ಕಣವನ್ನು ನೇರವಾಗಿ ಒಡೆಯಲಾರದು. ಕೆಲಸ ಮಾಡುವುದು ಗುಳ್ಳೆ. ಅಲೆಯು ದ್ರವವನ್ನು ಎಳೆಯುವ ಕ್ಷಣದಲ್ಲಿ ಅದರೊಳಗಿನ ಅತಿ ಸಣ್ಣ ಗುಳ್ಳೆಗಳು ಉಬ್ಬುತ್ತವೆ; ಒತ್ತುವ ಕ್ಷಣದಲ್ಲಿ ಫಕ್ಕನೆ ಕುಸಿದು ಸುತ್ತಲಿನ ದ್ರವಕ್ಕೆ ಬಲವಾದ ಆಘಾತ ಕೊಡುತ್ತವೆ. ಇದಕ್ಕೆ ಕ್ಯಾವಿಟೇಷನ್ ಎನ್ನುತ್ತಾರೆ. ಹಡಗಿನ ಪ್ರೊಪೆಲರ್‌ಗಳನ್ನು ಕೊರೆದು ತಿನ್ನುತ್ತಿದ್ದ ಈ ಕುಸಿತದ ಗಣಿತವನ್ನು ಲಾರ್ಡ್ ರೇಲಿ 1917ರಲ್ಲಿಯೇ ಬಿಡಿಸಿದ್ದರು. ಕುಸಿಯುವ ಗುಳ್ಳೆಯೊಳಗೆ ಉಷ್ಣತೆ ಸುಮಾರು 5,000 ಕೆಲ್ವಿನ್ ಮುಟ್ಟುತ್ತದೆಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆದರೆ ನಿಮ್ಮ ಕೆಲಸಕ್ಕೆ ಬೇಕಾದದ್ದು ಆ ಕಾವಲ್ಲ, ಆಘಾತ.

ಕಲ್ಲುಸಕ್ಕರೆ ಮಾಡುವವರು ಪಾಕದಲ್ಲಿ ದಾರ ಇಳಿಬಿಟ್ಟು, ಪಾತ್ರೆಯನ್ನು ಅಲುಗಿಸದೆ ದಿನಗಟ್ಟಲೆ ಬಿಡುತ್ತಾರೆ. ಹರಳುಗಳು ಕೆಲವೇ ಆದರೂ ದೊಡ್ಡದಾಗಿ ಬೆಳೆಯುತ್ತವೆ. ಅದೇ ಪಾಕವನ್ನು ಬಿಸಿಯಿರುವಾಗಲೇ ಬಿಡದೆ ಮಗುಚಿದರೆ ನುಣ್ಣನೆಯ ಸಕ್ಕರೆಯಾಗುತ್ತದೆ, ಏಕೆಂದರೆ ಒಮ್ಮೆಲೇ ಅಸಂಖ್ಯ ಬೀಜಹರಳುಗಳು ಹುಟ್ಟಿ, ಇರುವ ಸಕ್ಕರೆಯನ್ನು ಹಂಚಿಕೊಳ್ಳುತ್ತವೆ. ನಿಮ್ಮ ಬೀಕರಿನಲ್ಲಿ ಗುಳ್ಳೆಗಳು ಮಾಡಿದ್ದೂ ಇದನ್ನೇ: ಎರಡು ದ್ರಾವಣಗಳನ್ನು ಕ್ಷಣಾರ್ಧದಲ್ಲಿ ಬೆರೆಸಿದವು, ಬೀಜಹರಳುಗಳ ಸಂಖ್ಯೆಯನ್ನು ಹೆಚ್ಚಿಸಿದವು, ಒಂದಕ್ಕೊಂದು ಅಂಟಿದ ಕಣಗಳನ್ನು ಬಿಡಿಸಿದವು. ಒಟ್ಟು ತೂಕ ಅಷ್ಟೇ ಇದ್ದು ಕಣಗಳ ಸಂಖ್ಯೆ ಸಾವಿರಪಟ್ಟಾದರೆ, ಕಣದ ವ್ಯಾಸ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೀಜ ಹುಟ್ಟುವ ಆ ಮೊದಲ ಕ್ಷಣ ಕಳೆದುಹೋದ ಮೇಲೆ ಗಂಟೆಗಟ್ಟಲೆ ಸದ್ದು ಕೊಟ್ಟರೂ ಹೆಚ್ಚೆಂದರೆ ಗಂಟುಗಳು ಬಿಡಿಸಿಕೊಂಡಾವು.

ಇನ್ನು ಶಕ್ತಿಯ ಲೆಕ್ಕಕ್ಕೆ ಬರೋಣ. ಯಂತ್ರದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ನಂಬದೆ, ನೀವೇ ಅಳೆಯಿರಿ. ಅರ್ಧ ಲೀಟರ್ ನೀರಿನಲ್ಲಿ ಪ್ರೋಬ್ ಇಟ್ಟು ಒಂದು ನಿಮಿಷ ನಡೆಸಿದಾಗ ಉಷ್ಣತೆ 3 ಡಿಗ್ರಿ ಏರಿತೆನ್ನೋಣ. ಆಗ ದ್ರವಕ್ಕೆ ನಿಜವಾಗಿ ಸೇರಿದ್ದು ಸುಮಾರು 105 ವ್ಯಾಟ್. ನಿಮ್ಮ ಬೀಕರಿನಲ್ಲಿ ಇದು ಲೀಟರಿಗೆ 420 ವ್ಯಾಟ್ ಆಗುತ್ತದೆ. 200 ಲೀಟರಿನಲ್ಲಿ ಲೀಟರಿಗೆ ಅರ್ಧ ವ್ಯಾಟ್ ಮಾತ್ರ. ಆ ಅರ್ಧ ವ್ಯಾಟ್ ಕೂಡ ಎಲ್ಲೆಡೆ ಸಮನಾಗಿ ಹರಡುವುದಿಲ್ಲ, ಪ್ರೋಬಿನ ತುದಿಯಲ್ಲಿ ಗುಳ್ಳೆಗಳು ದಟ್ಟವಾದ ಮೋಡದಂತೆ ಕವಿದು ಸದ್ದನ್ನು ತಡೆಯುವುದರಿಂದ, ತುದಿಯಿಂದ ಕೆಲವು ಸೆಂಟಿಮೀಟರ್ ಆಚೆಗೆ ಪರಿಣಾಮ ಬಹುಮಟ್ಟಿಗೆ ಮುಗಿದಿರುತ್ತದೆ.

ಆದ್ದರಿಂದ ಸದ್ದನ್ನು ದೊಡ್ಡ ತೊಟ್ಟಿಗೆ ಕೊಡುವ ಬದಲು, ದ್ರಾವಣಗಳನ್ನೇ ಸದ್ದಿನ ಬಳಿಗೆ ತರಬೇಕು. ತಣ್ಣೀರಿನ ಹೊರಕವಚವುಳ್ಳ ಚಿಕ್ಕ ಕೋಶವೊಂದರಲ್ಲಿ ಪ್ರೋಬ್ ನಿಲ್ಲಿಸಿ, ಎರಡೂ ದ್ರಾವಣಗಳನ್ನು ಎರಡು ಪಂಪುಗಳಿಂದ ಪ್ರೋಬಿನ ತುದಿಯ ಕೆಳಗೇ ಸಂಧಿಸುವಂತೆ ಹರಿಸಿ, ಹೊರಬಂದದ್ದನ್ನು ದೊಡ್ಡ ರಿಯಾಕ್ಟರಿನಲ್ಲಿ ಸಂಗ್ರಹಿಸಿರಿ. ಕಾವು ಏರದಂತೆ ನೋಡಿಕೊಳ್ಳುವುದು ಮುಖ್ಯ. ಬಿಸಿ ನೀರಿನ ಆವಿ ಗುಳ್ಳೆಯೊಳಗೆ ತುಂಬಿಕೊಂಡು ಕುಸಿತವನ್ನು ಮೆತ್ತಗಾಗಿಸುತ್ತದೆ.

ಬೂದು ಛಾಯೆ ಬಹುಶಃ ಪ್ರೋಬಿನ ಟೈಟಾನಿಯಂ ಲೋಹದ್ದು. ಪ್ರೊಪೆಲರನ್ನು ತಿಂದ ಗುಳ್ಳೆ ನಿಮ್ಮ ಪ್ರೋಬನ್ನೂ ಬಿಡುವುದಿಲ್ಲ. ಅದನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದರೆ, ಹೊಳೆಯಬೇಕಾದ ತುದಿಯಲ್ಲಿ ಸೂಜಿಯಿಂದ ಚುಚ್ಚಿದಂತಹ ಕುಳಿಗಳು ಕಾಣುತ್ತವೆ. ಹಾಗಿದ್ದರೆ ತುದಿಯನ್ನು ಬದಲಾಯಿಸಿರಿ. ಬಿಳುಪೇ ನಿಮ್ಮ ಸರಕಿನ ಬೆಲೆಯಾಗಿರುವುದರಿಂದ, ಟ್ರಾನ್ಸ್‌ಡ್ಯೂಸರ್‌ಗಳನ್ನು (ವಿದ್ಯುತ್ತನ್ನು ಕಂಪನವಾಗಿ ಬದಲಿಸುವ ಸಾಧನಗಳನ್ನು) ಹೊರಗೋಡೆಗೆ ಅಂಟಿಸಿದ ಕೊಳವೆ ರಿಯಾಕ್ಟರನ್ನು ಪರಿಶೀಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಟ್ರಾಸೌಂಡ್ ಬಳಸದೆ, ಕಿರುರಂಧ್ರದ ತಟ್ಟೆಯ ಮೂಲಕ ದ್ರವವನ್ನು ರಭಸದಿಂದ ನುಗ್ಗಿಸಿ ಇದೇ ಕ್ಯಾವಿಟೇಷನ್ ಉಂಟುಮಾಡುವ ವಿಧಾನವೂ ಇದೆ. ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಲ್ಲಿ ಅನಿರುದ್ಧ ಪಂಡಿತ್, ಪರಾಗ್ ಗೋಗಟೆ ಮೊದಲಾದವರು ಈ ಎರಡೂ ಬಗೆಯ ರಿಯಾಕ್ಟರುಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಪ್ರಶ್ನೆ: ಒಡವೆ ತೊಳೆಯುವ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ ಇಂತಹ ಪ್ರಯೋಗ ಮಾಡಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಪ್ರಾಥಮಿಕ ಪ್ರಯೋಗಕ್ಕೆ ಸಾಕು. ಮೊದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ತೊಟ್ಟಿಯ ನೀರಿನಲ್ಲಿ ನೇರವಾಗಿ ಇಳಿಬಿಟ್ಟು ಒಂದು ನಿಮಿಷ ನಡೆಸಿರಿ. ಕೆಲವು ಕಡೆ ಹಾಳೆ ತೂತು ಬೀಳುತ್ತದೆ, ಕೆಲವು ಕಡೆ ಹಾಗೆಯೇ ಉಳಿಯುತ್ತದೆ. 40 ಕಿಲೋಹರ್ಟ್ಸ್ ತೊಟ್ಟಿಯಲ್ಲಿ ತೂತಿನ ಪಟ್ಟಿಗಳ ನಡುವೆ ಎರಡು ಸೆಂಟಿಮೀಟರಿಗಿಂತ ತುಸು ಕಡಿಮೆ ಅಂತರವಿರಬಹುದು. ಹೆಚ್ಚು ತೂತು ಬಿದ್ದ ಎತ್ತರದಲ್ಲಿ ನಿಮ್ಮ ಬೀಕರಿನ ದ್ರಾವಣವಿರಲಿ. ನೀರಿನ ಮಟ್ಟ ಬದಲಾದರೆ ಈ ಪಟ್ಟಿಗಳೂ ಜಾಗ ಬದಲಿಸುವುದರಿಂದ, ತೊಟ್ಟಿಯ ಒಳಗೋಡೆಯ ಮೇಲೆ ಗೆರೆಯೊಂದನ್ನು ಎಳೆದು ಪ್ರತಿ ಸಲವೂ ಅಲ್ಲಿಯವರೆಗೇ ನೀರು ತುಂಬಿಸಿರಿ.