ಹೃದಯದಲ್ಲಿ ತೂತಿರುವ ಕೂಸಿಗೆ ಪಥ್ಯ ಬೇಕೇ?

ಪ್ರಶ್ನೆ: ಮಗಳಿಗೆ 7 ತಿಂಗಳು, ತೂಕ 5 ಕೆ.ಜಿ. ಹೃದಯದಲ್ಲಿ ದೊಡ್ಡ ತೂತಿದೆ, ಹಾರ್ಟ್ ಫೇಲ್ಯೂರ್ ಆಗಿದೆ, ಅಂದರೆ ಹೃದಯಕ್ಕೆ ಕೆಲಸದ ಹೊರೆ ತಡೆಯಲಾಗುತ್ತಿಲ್ಲ ಎಂದು ನೀರು ಇಳಿಸುವ ಔಷಧಿ ಕೊಟ್ಟಿದ್ದಾರೆ. ಹಾಲು ಕುಡಿಯುವಾಗ ಹಣೆ ಬೆವರುತ್ತದೆ, ಅರ್ಧಕ್ಕೇ ನಿದ್ದೆ ಹೋಗುತ್ತಾಳೆ. ಬೇಳೆ, ತುಪ್ಪ ಭಾರ, ತೆಳು ಗಂಜಿ ಸಾಕು ಎನ್ನುತ್ತಾರೆ ಅತ್ತೆ. ಏನು ಪಥ್ಯ ಮಾಡಲಿ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಈ ಕೂಸಿಗೆ ಪಥ್ಯ ಬೇಡ ತಾಯಿ, ಜಾಸ್ತಿ ಶಕ್ತಿ ಬೇಕು. ಬರೀ ಉಸಿರಾಡುವುದಕ್ಕೇ ಅವಳ ಮೈ ಹಗಲು ರಾತ್ರಿ ದುಡಿಯುತ್ತಿದೆ. ಈ ವಯಸ್ಸಿನ ಆರೋಗ್ಯವಂತ ಕೂಸಿಗೆ ದಿನಕ್ಕೆ ಕೆ.ಜಿ.ಗೆ ಸುಮಾರು 80 ಕ್ಯಾಲರಿ ಸಾಕು. ಇಂಥ ಮಕ್ಕಳಿಗೆ 120ರಿಂದ 150 ಬೇಕಾಗುತ್ತದೆ. ಅಂದರೆ ನಿಮ್ಮ ಮಗಳಿಗೆ ಕಡಿಮೆ ಅಂದರೂ 600. ಎದೆಹಾಲಲ್ಲೇ ಅಷ್ಟೂ ಬರಬೇಕಾದರೆ ಸುಮಾರು 900 ಮಿ.ಲೀ. ಕುಡಿಯಬೇಕು. ಅರ್ಧಕ್ಕೇ ಸುಸ್ತಾಗುವ ಕೂಸು ಅಷ್ಟು ಕುಡಿದೀತೇ?

ಹಾಗಂತ ಎದೆಹಾಲು ಬಿಡಿಸಬೇಡಿ. 2–3 ಗಂಟೆಗೊಮ್ಮೆ ತಲೆ ಎತ್ತರಕ್ಕೆ ಹಿಡಿದು ಕುಡಿಸಿ. ಒಂದು ಸಲಕ್ಕೆ 20–30 ನಿಮಿಷ ಸಾಕು. ಅದಕ್ಕಿಂತ ಹೊತ್ತು ಚೀಪಿದರೆ ಕುಡಿದ ಶಕ್ತಿಯೆಲ್ಲ ಚೀಪುವುದರಲ್ಲೇ ಹೋಗುತ್ತದೆ. ಉಳಿದ ಹಾಲನ್ನು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕೊಡಿ. ಸಾಲದಿದ್ದರೆ ಡಾಕ್ಟರು ಮೂಗಿನ ನಳಿಕೆ ಹಾಕೋಣ ಎನ್ನಬಹುದು. ಹೆದರಬೇಡಿ. ಅದು ಕೂಸಿಗೆ ಸಿಗುವ ವಿಶ್ರಾಂತಿ.

ಇನ್ನು ಗಂಜಿ. ತೆಳು ಗಂಜಿಯಲ್ಲಿ ಬಹುಪಾಲು ನೀರೇ ಅಲ್ವಾ? ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಚಮಚ ಓರೆ ಮಾಡಿದರೆ ಗಂಜಿ ಹರಿಯಬಾರದು, ಮೆಲ್ಲಗೆ ಜಾರಬೇಕು. ಅಕ್ಕಿ, ಹೆಸರುಬೇಳೆ ಮೆತ್ತಗೆ ಬೇಯಿಸಿ ಮಸೆಯಿರಿ, ಇಲ್ಲವೇ ರಾಗಿ ಸರಿ ಗಟ್ಟಿಯಾಗಿ ಮಾಡಿ. ಪ್ರತಿ ಬಟ್ಟಲಿಗೂ ಒಂದು ಟೀ ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಬೆರೆಸಿ. ಆ ಒಂದು ಚಮಚದಲ್ಲೇ ಸುಮಾರು 40 ಕ್ಯಾಲರಿ ಇದೆ. ಅತ್ತೆಯವರಿಗೂ ಹೇಳಿ, ಈ ಹೃದಯಕ್ಕೆ ಭಾರವಾಗುವುದು ತುಪ್ಪವಲ್ಲ, ನೀರು. ಉಪ್ಪು ಹಾಕಲೇಬೇಡಿ.

ನಮ್ಮ ಕಡೆ ಬಿಸಿಲು ಜಾಸ್ತಿ ಅಂತ ಸುಮ್ನೆ ನೀರು ಕುಡಿಸುವುದೂ ಬೇಡ. ದಿನಕ್ಕೆ ಎಷ್ಟು ದ್ರವ ಕೊಡಬಹುದೆಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ವಾಂತಿ ಭೇದಿಯಾದರೆ ಕಾಯಬೇಡಿ, ಔಷಧಿಯನ್ನು ನೀವೇ ನಿಲ್ಲಿಸಲೂ ಬೇಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ತೂಕ ಬರಲಿ ಎಂದು ತೂತು ಮುಚ್ಚುವ ಆಪರೇಷನ್ ಮುಂದೂಡುವ ಮನೆಗಳನ್ನು ನೋಡಿದ್ದೇನೆ, ನೋವಾಗುತ್ತದೆ. ಇಷ್ಟೆಲ್ಲ ಮಾಡಿಯೂ ತೂಕ ಏರದಿದ್ದರೆ ಆಪರೇಷನ್ ಬೇಗ ಮಾಡಿಸಲು ಅದೇ ಒಂದು ಕಾರಣ. ಖರ್ಚಿನ ಚಿಂತೆ ಇದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ವಾರಕ್ಕೊಮ್ಮೆ ಅಂಗನವಾಡಿಯ ಅದೇ ತಕ್ಕಡಿಯಲ್ಲಿ ತೂಗಿಸಿ. ಎರಡೇ ದಿನದಲ್ಲಿ ಮೈ ತುಂಬಿದಂತೆ ಕಂಡು, ಕಣ್ಣ ಸುತ್ತ ಬಾವು ಬಂದು ಉಸಿರು ಜೋರಾದರೆ ಅದು ನೀರು ನಿಂತದ್ದು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.