ಓದುಗರ ಪ್ರಶ್ನೆ: ಉಪನಗರ ರೈಲಿನ ಸಾಲ, ಸೈಕಲ್ ಪಥದ ನಕ್ಷೆ

ಪ್ರಶ್ನೆ: ಬೆಂಗಳೂರು ಉಪನಗರ ರೈಲಿಗೆ ಕೇಂದ್ರ, ರಾಜ್ಯ ಎರಡೂ ಹಣ ಕೊಡುತ್ತವೆ. ಮತ್ತೆ ಸಾಲ ಯಾಕೆ?

ಉತ್ತರ: 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಅಂದಾಜು ವೆಚ್ಚ 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ ಸೇರಿ ಸುಮಾರು 148 ಕಿ.ಮೀ. ಇದರಲ್ಲಿ ಕೇಂದ್ರದ್ದು ಶೇ 20, ರಾಜ್ಯದ್ದು ಶೇ 20. ಉಳಿದ ಶೇ 60, ಅಂದರೆ ಸುಮಾರು 9,460 ಕೋಟಿ, ಸಾಲವೇ. ಅದನ್ನು ಪಡೆಯುವುದು ಕೇಂದ್ರ ಮತ್ತು ರಾಜ್ಯದ ಜಂಟಿ ಕಂಪನಿ ಕೆ-ರೈಡ್ ಕಟ್ಟುವ ಯೋಜನೆಗಾಗಿ. ವಿದೇಶಿ ಸಾಲ ಒಂದೇ ಗಂಟಾಗಿ ಕೈಗೆ ಬರುವುದಿಲ್ಲ, ಕೆಲಸ ಮುಗಿದಂತೆ ಕಂತು ಬಿಡುಗಡೆ. ಬಳಸದೆ ಉಳಿದ ಮೊತ್ತಕ್ಕೂ ಸಾಮಾನ್ಯವಾಗಿ ಶುಲ್ಕ ಬೀಳುತ್ತದೆ. ಹಾಗಾಗಿ ಜಾಗ ಹಸ್ತಾಂತರವಾಗುವ ಮೊದಲೇ ಗುತ್ತಿಗೆ ಕೊಟ್ಟರೆ ಪೆಟ್ಟು ಎರಡು ಕಡೆಯಿಂದ: ಒಂದೆಡೆ ಈ ಶುಲ್ಕ, ಇನ್ನೊಂದೆಡೆ ಯಂತ್ರ, ಆಳು ಸುಮ್ಮನೆ ನಿಂತದ್ದಕ್ಕೆ ಗುತ್ತಿಗೆದಾರರ ಪರಿಹಾರದ ಬೇಡಿಕೆ. ನೀರಿನ ಕೊಳವೆ, ವಿದ್ಯುತ್ ಕೇಬಲ್ ಸ್ಥಳಾಂತರವನ್ನು ಟೆಂಡರಿಗೆ ಮೊದಲೇ ಮುಗಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕೇ.

ಪ್ರಶ್ನೆ: ನಮ್ಮೂರಲ್ಲಿ ಸೈಕಲ್ ಪಥ ಬರುತ್ತಿದೆ. ನಕ್ಷೆಯಲ್ಲಿ ಏನು ನೋಡಬೇಕು?

ಉತ್ತರ: ಮೊದಲು ಬಸ್ ನಿಲ್ದಾಣ ನೋಡಿ. ಪಥ ತಂಗುದಾಣದ ಹಿಂದಿನಿಂದ ಹೋಗಬೇಕು, ಮುಂದಿನಿಂದ ಹೋದರೆ ಪ್ರತಿ ಬಸ್ಸೂ ಅದರ ಮೇಲೇ ನಿಲ್ಲುತ್ತದೆ. ಗೂಟಗಳು ಕಾರನ್ನಷ್ಟೇ ತಡೆಯುತ್ತವೆ. ಸೈಕಲ್ ನುಗ್ಗುವ ಸಂದಿಯಲ್ಲಿ ಬೈಕೂ ನುಗ್ಗುತ್ತದೆ, ಅದಕ್ಕೆ ದಂಡವೇ ಮದ್ದು. ಚರಂಡಿ ಜಾಲರಿಯ ಸೀಳು ಪಥಕ್ಕೆ ಅಡ್ಡಲಾಗಿರಲಿ, ಉದ್ದಕ್ಕಿದ್ದರೆ ಚಕ್ರ ಸಿಕ್ಕಿ ಸವಾರ ಮುಗ್ಗರಿಸುತ್ತಾನೆ. ಗುಡಿಸುವುದಕ್ಕೂ ಬಣ್ಣಕ್ಕೂ ವರ್ಷವರ್ಷ ಹಣ ಇಟ್ಟಿದ್ದಾರೆಯೇ ಎಂದು ವಾರ್ಡ್ ಸಭೆಯಲ್ಲೇ ಕೇಳಿ.