740 ಕೆ.ಜಿ. ಹೊರುವ ಗಾಡಿಗೆ 500 ಲೀಟರ್ ನೀರಿನ ಟ್ಯಾಂಕ್ ಕೂಡಿಸಬಹುದೇ?

ಬೇಡ್ರಿ, 300 ಲೀಟರ್‌ದು ಸಾಕು. ಆರ್‌ಸಿಯಲ್ಲಿ ಖಾಲಿ ತೂಕ 860, ಒಟ್ಟು ತೂಕ 1600, ಬೆಳಗಾವಿಯೊಳಗೆ ಶೋರೂಮ್ ಗಾಜು ತೊಳೆಯೋಕೆ ಇಬ್ಬರು ಹೋಗ್ತೀವಿ ಅಂತ ಬರೆದಿದ್ದೀರಿ. 740ರಲ್ಲಿ ನೀರಿನ 500 ಕಳೆದು 240 ಉಳಿಯಿತು ಅನ್ನೋ ನಿಮ್ಮ ಲೆಕ್ಕದಲ್ಲಿ ಮನುಷ್ಯರೇ ಇಲ್ಲ. ಕಾಯ್ದೆ ಪ್ರಕಾರ ಖಾಲಿ ತೂಕಕ್ಕೆ ಡ್ರೈವರ್, ಕ್ಲೀನರ್ ಸೇರೋದಿಲ್ಲ.

ಇಬ್ಬರಿಗೆ 140 ಹಿಡಿಯಿರಿ. ಖಾಲಿ ಟ್ಯಾಂಕ್ ಮತ್ತು ಆ್ಯಂಗಲ್ ಫ್ರೇಮ್ 60, ಪಂಪ್-ಬ್ಯಾಟರಿ 40, ಪೈಪಿನ ರೀಲ್ 20, ಏಣಿ-ಕೋಲು-ಬಕೆಟ್ 45, ರ್‍ಯಾಕ್ 40, ಫಿಲ್ಟರ್ 30. ಇಲ್ಲಿಗೇ 375. ಉಳಿದದ್ದು 365. ಅದರಲ್ಲೂ 60-70 ಕೆ.ಜಿ. ಬಿಟ್ಟುಕೊಳ್ಳಿ, ಯಾಕಂದ್ರೆ ಒದ್ದೆ ಬಟ್ಟೆ, ಇನ್ನೊಂದು ಕ್ಯಾನ್ ಅಂತ ಸಾಮಾನು ದಿನಾ ಬೆಳೀತದೆ. ಟ್ಯಾಂಕ್ 500 ತುಂಬಿಸಿದರೆ 135 ಕೆ.ಜಿ. ಹೆಚ್ಚಾಯಿತು.

ಇವೆಲ್ಲ ಅಂದಾಜು. ಸಾಮಾನು ಏರಿಸಿ, ಟ್ಯಾಂಕ್ ತುಂಬಿಸಿ, ಇಬ್ಬರೂ ಒಳಗೆ ಕೂತು ಒಮ್ಮೆ ಕಾಟಾ (ಗಾಡಿ ತೂಗುವ ವೇಬ್ರಿಡ್ಜ್) ಮಾಡಿಸಿ. ಆಮೇಲೆ ಮುಂದಿನ ಗಾಲಿ ಮಾತ್ರ ಕಾಟಾ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ತಗೊಳ್ಳಿ. ಎರಡರ ವ್ಯತ್ಯಾಸವೇ ಹಿಂದಿನ ಆ್ಯಕ್ಸಲ್ ಮೇಲಿನ ಭಾರ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆ್ಯಕ್ಸಲ್ ಮಿತಿ ದಾಟೋದು ಇಂಥ ಗಾಡಿಗಳಲ್ಲಿ ಮಾಮೂಲು.

ಅದಕ್ಕೆ ಕಾರಣ ಟ್ಯಾಂಕಿನ ಜಾಗ. ಪೈಪ್ ಎಳೆಯೋಕೆ ಸುಲಭ ಅಂತ ಡಾಲಾ (ಹಿಂದೆ ಸಾಮಾನು ತುಂಬುವ ಜಾಗ) ಬಾಗಿಲ ಹತ್ತಿರ ಇಡ್ತಾರೆ. ವೀಲ್‌ಬೇಸ್, ಅಂದ್ರೆ ಮುಂದಿನ-ಹಿಂದಿನ ಆ್ಯಕ್ಸಲ್ ನಡುವಿನ ಅಂತರ, 2100 ಮಿ.ಮೀ. ಇರೋ ಗಾಡಿಯಲ್ಲಿ 300 ಕೆ.ಜಿ. ನೀರಿನ ನಡುಮಧ್ಯ ಹಿಂದಿನ ಆ್ಯಕ್ಸಲ್‌ಗಿಂತ 400 ಮಿ.ಮೀ. ಆಚೆ ಬಿತ್ತು ಅನ್ನಿ: ಮುಂದಿನ ಗಾಲಿಯಿಂದ ಸುಮಾರು 57 ಕೆ.ಜಿ. ಎದ್ದುಹೋಗಿ, ಹಿಂದೆ 357 ಕೂಡ್ತದೆ. ಸ್ಟೇರಿಂಗ್ ಹಗುರ ಆಗೋದು ಅದಕ್ಕೇ. ಟ್ಯಾಂಕ್ ಆ್ಯಕ್ಸಲ್‌ಗಿಂತ ಮುಂದೆ, ಕ್ಯಾಬಿನ್ ಕಡೆ, ಅಡ್ಡಕ್ಕೆ ನಡುವೆ ಇರಲಿ. ಫ್ರೇಮಿನ ಬೋಲ್ಟ್ ಡಾಲಾದ ತಗಡಿಗಲ್ಲ, ಕೆಳಗಿನ ಅಡ್ಡಪಟ್ಟಿಗೆ ಹೋಗಬೇಕು. ಬರೀ ಹಗ್ಗ ಕಟ್ಟಿದರೆ ಜೋರು ಬ್ರೇಕಿಗೆ ಟ್ಯಾಂಕ್ ಕ್ಯಾಬಿನ್‌ಗೇ ಬಂದು ಗುದ್ದುತ್ತದೆ.

500ರದ್ದು ತಂದು 300 ಮಾತ್ರ ತುಂಬಿಸ್ತೀನಿ ಅನ್ನಬೇಡಿ. ಅರೆ ತುಂಬಿದ ಟ್ಯಾಂಕಿನ ನೀರು ತಿರುವಿನಲ್ಲಿ ಒಂದು ಬದಿಗೆ ಓಡ್ತದೆ. ತುಂಬಿದ್ದಕ್ಕಿಂತ ಅದೇ ಹೆಚ್ಚು ತ್ರಾಸು. ಎತ್ತರದ ದುಂಡು ಟ್ಯಾಂಕ್ ಬಿಟ್ಟು ಚಪ್ಪಟೆ ಲಾಫ್ಟ್ ಟ್ಯಾಂಕ್ ತಗೊಳ್ಳಿ, 150ರ ಎರಡಾದರೆ ಇನ್ನೂ ಚಲೋ: ಒಂದನ್ನು ಪೂರ್ತಿ ಖಾಲಿ ಮಾಡಿ ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ನೀರು ಸಾಲೋದಿಲ್ಲ ಅನ್ನೋ ಭಯವೂ ಬೇಡ. ಕೋಲಿನ ಬ್ರಷ್‌ಗೆ ನಿಮಿಷಕ್ಕೆ ಒಂದೂವರೆ ಲೀಟರ್ ಸಾಕು. 300 ಲೀಟರ್ ಅಂದ್ರೆ 200 ನಿಮಿಷ ಧಾರೆ. ಏಣಿ ಸರಿಸುವಾಗ ನಲ್ಲಿ ಬಂದ್ ಮಾಡಿದರೆ ಅರ್ಧ ದಿನಕ್ಕಿಂತ ಹೆಚ್ಚೇ ಬರ್ತದೆ. ಬೋರಿನ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಉಳೀತದೆ. ಫಿಲ್ಟರ್ ಹಾಕಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 10ರೊಳಗೆ ಇಳಿಸಿದ ನೀರು ಬಳಸಿದರೆ ಎರಡನೇ ಸಲ ತೊಳೆಯೋದು ತಪ್ಪಿ, ನೀರೂ ಉಳೀತದೆ.

ಹೆಚ್ಚುವರಿ ಪಾಟಾ (ಸ್ಪ್ರಿಂಗ್ ಪಟ್ಟಿ) ಹಾಕಿಸಿದರೆ ಗಾಡಿ ಕುಂತಂಗೆ ಕಾಣೋದಿಲ್ಲ, ಅಷ್ಟೇ. ಆರ್‌ಸಿಯ 1600 ಬದಲಾಗೋದಿಲ್ಲ, ಬ್ರೇಕೂ ಹಳೇವೇ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 2019ರ ತಿದ್ದುಪಡಿ ನಂತರ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ 2,000 ಬೇರೆ. ಸಂಜೆ ನಿಪ್ಪಾಣಿ ಕಡೆ ಕೆಲಸ ಮುಗಿಸಿ ವಂಟಮುರಿ ಘಾಟ್ ದಾಟಿ ವಾಪಸ್ ಬರೋದಿದ್ದರೆ, ಉಳಿದ ನೀರನ್ನು ಅಲ್ಲೇ ಗಿಡಕ್ಕೆ ಬಿಟ್ಟು ಹೊರಡಿ.